ಮೆಕಾಂಗ್ ದಡದಲ್ಲಿ ನಮ್ಮೂರ ಕೊಳಾಯಿ

ಕೊಡಿಕೊಂಡ

ನಮ್ಮ ಮನೆಯಲ್ಲಿ ಮೊದಲ ಡಿಗ್ರಿ ನನ್ನದು, ಮೊದಲ ಪಾಸ್‌ಪೋರ್ಟೂ ನನ್ನದೇ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ. ಅಪ್ಪ ಹಿಂದೂಪುರದ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತರು, ಅವ್ವ ಕಂಡವರ ಹೊಲದಲ್ಲಿ ಕಳೆ ಕಿತ್ತಳು, ಅಣ್ಣ ಹತ್ತನೇ ಕ್ಲಾಸಿಗೆ ಓದು ಬಿಟ್ಟು ಆಟೋ ಹಿಡಿದ. ಆ ಮೂವರ ಬೆವರಿನಿಂದ ನಾನು ಬಿ.ಎ. ಮುಗಿಸಿದೆ.

ಈಗ ಕಲ್ಯಾಣದುರ್ಗದಲ್ಲಿ ಸರ್ವೆ ಕೆಲಸ. ಸರ್ವೆ ಅಂದರೆ ಹೊಲ ಅಳೆಯುವುದಲ್ಲ, ಬದುಕು ಅಳೆಯುವುದು. ಕಂಬದೂರು, ಬ್ರಹ್ಮಸಮುದ್ರದ ಕಡೆ ಕೆಲವು ಮನೆಗಳನ್ನು ಆರಿಸಿಕೊಂಡಿದ್ದೇವೆ. ಕೆಲವು ವರ್ಷಗಳಿಗೊಮ್ಮೆ ಅದೇ ಬಾಗಿಲುಗಳಿಗೆ ಹೋಗಿ ಅದೇ ಪ್ರಶ್ನೆಗಳನ್ನು ಕೇಳುತ್ತೇವೆ. ಎಷ್ಟು ಓದಿದ್ದೀರಿ, ಏನು ಉಣ್ಣುತ್ತೀರಿ, ಕಾಯಿಲೆ ಬಿದ್ದರೆ ಎಲ್ಲಿಗೆ ಹೋಗುತ್ತೀರಿ, ಕಕ್ಕಸು ಇದೆಯೇ, ಕೊಳಾಯಿ ಇದೆಯೇ. ಹೋದ ಸಲಕ್ಕಿಂತ ಈ ಸಲ ಜನ ಎಷ್ಟು ಮೇಲಕ್ಕೆ ಬಂದರು ಎನ್ನುವುದು ನಮ್ಮ ಲೆಕ್ಕ. ಇದೇ ಫಾರಮ್ಮನ್ನು ಇನ್ನೂ ನಾಲ್ಕು ದೇಶಗಳಲ್ಲಿ ತುಂಬುತ್ತಾರೆ. ಮುಂದಿನ ಸುತ್ತಿಗೆ ಫಾರಮ್ಮನ್ನು ತಿದ್ದಬೇಕು, ಒಂದೊಂದು ದೇಶದವರು ಒಂದೊಂದು ಹೊಸ ಪ್ರಶ್ನೆ ತರಬಹುದು, ಎಲ್ಲರೂ ವಿಯೆಟ್ನಾಮಿನಲ್ಲಿ ಸೇರೋಣ ಎಂದು ಕರೆ ಬಂತು. ನಮ್ಮ ಆಫೀಸಿನಿಂದ ನಾನು ಮತ್ತು ಓಬಳೇಸಣ್ಣ ಹೊರಟೆವು. ಓಬಳೇಸಣ್ಣ ಕಂಬದೂರಿನವನು, ಕುರಿ ಮೇಯಿಸುವ ಮನೆತನ, ಸರ್ವೆ ಕೆಲಸದಲ್ಲಿ ನನಗಿಂತ ಹಿರಿಯ.

ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಬಸ್ಸು ಹಿಡಿಯಲು ನಮ್ಮೂರಿನಿಂದ ಹೆದ್ದಾರಿಯ ಮೇಲಿನ ಕೊಡಿಕೊಂಡಕ್ಕೆ ಅಣ್ಣನ ಆಟೋದಲ್ಲೇ ಬಂದೆವು. ಅಪ್ಪ, ಅವ್ವ, ಪಕ್ಕದ ಮನೆಯವರು ಎಲ್ಲರೂ ಚೆಕ್‌ಪೋಸ್ಟಿನ ತನಕ ಬಂದು, ಲಾರಿಗಳ ಮಧ್ಯೆ ನಿಂತು ನನಗೆ ಕೈ ಬೀಸಿದರು. ಅತ್ತಿಗೆ ರತ್ನಮ್ಮ ಮಾತ್ರ ಬರಲಿಲ್ಲ. ಹೊಸ್ತಿಲಲ್ಲೇ ನಿಂತು ಹೇಳಿದಳು:

"ನಾ ಬರಕ್ಕಾಗಲ್ಲ ಕಣಮ್ಮ. ಈವತ್ತು ನೀರು ಬುಟ್ರೂ ಬುಟ್ಟಾರು."

"ಗೊತ್ತು ಅತ್ಗೆ."

"ಅಷ್ಟು ದೂರ ಹೋಯ್ತಿದ್ದೀಯ, ನಿಮ್ಮ ದೊಡ್ಡೋರ್ನ ಕೇಳ್ಕೊಂಬಾ. ಕೊಳಾಯಿ ಐತಾ ಅಂತ ಕೇಳ್ತೀರಲ್ಲ, ಅದರ ಮುಂದೆ ಯಾರು ಕೂತವ್ರೆ ಅಂತ ಯಾಕೆ ಕೇಳಲ್ಲ ಅಂತ."

ಇದರ ಹಿಂದೆ ಒಂದು ಕಥೆಯಿದೆ. ಅತ್ತಿಗೆ ಹಿಂದೂಪುರದ ಹತ್ತಿರ ಒಂದು ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಊರ ಬಾಗಿಲಿಗೆ ವ್ಯಾನು ಬರುತ್ತಿತ್ತು. ಕೈ ಚುರುಕು, ಕಾಲರು ಹೊಲಿಯುವ ಸಾಲಿನಲ್ಲಿ ಅವಳಿಗೆ ಒಳ್ಳೆಯ ಹೆಸರು. ಆಗ ಬೀದಿಯ ಕೊನೆಯಲ್ಲಿ ಬೋರು ಇತ್ತು. ಬೆಳಗ್ಗೆ ಕರೆಂಟು ಇರುವಾಗ ಎಲ್ಲರೂ ಹೋಗಿ ನೀರು ಹಿಡಿದು ಅವರವರ ದಾರಿ ಹಿಡಿಯುತ್ತಿದ್ದರು. ಆಮೇಲೆ ಮನೆಮನೆಗೆ ಕೊಳಾಯಿ ಬಂತು. ನೀರು ಒಂದು ದಿನ ಬೆಳಗ್ಗೆ, ಒಂದು ದಿನ ಮಧ್ಯಾಹ್ನ, ಒಂದೊಂದು ದಿನ ಇಲ್ಲವೇ ಇಲ್ಲ. ಬಂದಾಗ ಹಿಡಿಯದಿದ್ದರೆ ತೊಟ್ಟಿ ಖಾಲಿ. ಅವ್ವ ಹೊಲದಲ್ಲಿ, ಅಪ್ಪ ಮಾರ್ಕೆಟ್ಟಿನಲ್ಲಿ, ಅಣ್ಣ ಆಟೋದಲ್ಲಿ. ಉಳಿದವಳು ಅತ್ತಿಗೆ. ತರಬೇತಿಯಲ್ಲಿ ಅಭ್ಯಾಸಕ್ಕೆಂದು ನಮ್ಮ ಮನೆಯದೇ ಫಾರಮ್ಮು ತುಂಬಿದ್ದೆ: ಮನೆಯಲ್ಲಿ ಕೊಳಾಯಿ ಇದೆಯೇ? ಇದೆ. ಪೂರ್ತಿ ಅಂಕ. ಫಾರಮ್ಮಿನ ಪ್ರಕಾರ ನಮ್ಮ ಮನೆ ಒಂದು ಮೆಟ್ಟಿಲು ಹತ್ತಿತು, ಅತ್ತಿಗೆ ವ್ಯಾನಿನಿಂದ ಇಳಿದಳು.

ಹಾಗಾಗಿ ನಾನು ಚೀಲದಲ್ಲಿಟ್ಟುಕೊಂಡು ಹೊರಟ ಪ್ರಶ್ನೆ ಇದು: ಕೊಳಾಯಿಯ ನೀರಿಗೆ ಮನೆಯಲ್ಲಿ ಯಾರು ಕಾಯುತ್ತಾರೆ? ಇದನ್ನು ಫಾರಮ್ಮಿನೊಳಕ್ಕೆ ಸೇರಿಸಿಯೇ ಹಿಂತಿರುಗಬೇಕು ಎಂದು ಬಸ್ಸು ಹತ್ತುವಾಗಲೇ ತೀರ್ಮಾನಿಸಿದ್ದೆ. ನಮ್ಮ ಕೆಲಸದಲ್ಲಿ ಕೇಳದೇ ಬಿಟ್ಟದ್ದು ಲೋಕದಲ್ಲಿ ಇಲ್ಲದ್ದೇ ಆಗಿಬಿಡುತ್ತದೆ.

ಸೈಗಾನಿನ ರಸ್ತೆ

ಹೋ ಚಿ ಮಿನ್ ನಗರ ಅಂತ ಟಿಕೆಟ್ಟಿನ ಮೇಲಿತ್ತು. ಅಲ್ಲಿಯ ಜನ ಸೈಗಾನ್ ಅಂತಲೇ ಅನ್ನುತ್ತಾರೆ. ಇಳಿದ ಕೂಡಲೇ ಮೊದಲ ತೊಂದರೆ ಓಬಳೇಸಣ್ಣನ ಚೀಲದ್ದು. ರಾಗಿ ಹುರಿಟ್ಟಿನ ಡಬ್ಬಿ ಕಂಡು ಅಧಿಕಾರಿಗೆ ಅನುಮಾನ. ಕಂದು ಬಣ್ಣದ ನುಣುಪು ಪುಡಿ, ಯಾರಿಗಾದರೂ ಅನುಮಾನ ಬರುವುದೇ. ಓಬಳೇಸಣ್ಣ ಗಾಬರಿಯಾದರೆ ತೆಲುಗಿಗೆ ತಿರುಗುತ್ತಾನೆ. ಲೋಕದಲ್ಲಿ ಯಾರಿಗೆ ಯಾವ ಭಾಷೆ ಬರದಿದ್ದರೂ ತೆಲುಗು ಬಂದೇ ಬರುತ್ತದೆಂದು ಅವನ ನಂಬಿಕೆ.

"ರಾಗುಲು ಸಾರ್, ರಾಗುಲು! ತಿಂಡಿಕಿ!" ಎಂದು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ತೋರಿಸಿದ. ಒಣ ಹಿಟ್ಟು ಗಂಟಲಿಗೆ ಹತ್ತಿ ಕೆಮ್ಮತೊಡಗಿದ. ಅಧಿಕಾರಿ ಓಡಿಹೋಗಿ ತಾನೇ ನೀರು ತಂದುಕೊಟ್ಟು, ಡಬ್ಬಿಯ ಮುಚ್ಚಳ ಭದ್ರವಾಗಿ ಹಾಕಿ ಕಳಿಸಿದ. ನಮ್ಮ ಕಡೆಯ ಅಧಿಕಾರಿಗಳಿಗಿಂತ ಮೆದು ಮನುಷ್ಯ ಅನ್ನಿಸಿತು.

ಎರಡನೇ ತೊಂದರೆ ರಸ್ತೆ ದಾಟುವುದು. ಅಲ್ಲಿ ಮೋಟಾರುಬೈಕುಗಳು ಕೋಡಿ ಬಿದ್ದ ಕೆರೆಯ ನೀರಿನಂತೆ ಹರಿಯುತ್ತವೆ. ಹೆಂಗಸರು ಆ ಸೆಖೆಯಲ್ಲೂ ತೋಳು ತುಂಬ ಕೋಟು, ಮುಖ ತುಂಬ ಬಟ್ಟೆ, ತಲೆಗೆ ಹೆಲ್ಮೆಟ್ಟು ಹಾಕಿಕೊಂಡು ಓಡಿಸುತ್ತಾರೆ. ಹಿಂದಿನ ಸೀಟಿನಲ್ಲಿ ಒಮ್ಮೆ ಮೀನಿನ ಬುಟ್ಟಿ, ಒಮ್ಮೆ ಅತ್ತೆ, ಒಮ್ಮೆ ಆಳೆತ್ತರದ ಹೂಕುಂಡ. ಎದುರಿಗೇ ನಮ್ಮ ಹೋಟೆಲು, ನಾವು ಮಾತ್ರ ಈಚೆ ದಡದಲ್ಲಿ. ನಾನು ಒಂದು ಹೆಜ್ಜೆ ಇಡುವುದು, ಎರಡು ಹೆಜ್ಜೆ ಹಿಂದಕ್ಕೆ ಬರುವುದು. ಓಬಳೇಸಣ್ಣ ಬೈಕುಗಳ ಕಡೆ ಕೈ ತೋರಿಸಿದ.

"ಏ ಸಾವಿತ್ರಮ್ಮ, ಇದು ಕುರಿ ಮಂದೆ ಇದ್ದಂಗೆ ಕಣಮ್ಮ. ಮಂದೆ ಒಳಕ್ಕೆ ಹೆಂಗೆ ಹೋಯ್ತೀವಿ? ನಿಲ್ಬಾರ್ದು, ಓಡ್ಬಾರ್ದು. ಒಂದೇ ಸಮ ನಡೀತಾ ಹೋಗು, ಅವೇ ದಾರಿ ಬುಡ್ತವೆ."

ಅಷ್ಟು ಹೇಳಿ ಇಳಿದೇಬಿಟ್ಟ. ನಿಜಕ್ಕೂ ಬೈಕುಗಳೆಲ್ಲ ಅವನ ಆಚೆಗೊಂದು ಈಚೆಗೊಂದು ಸವರಿಕೊಂಡು ಹೋದವು. ನಾನು ಅವನ ಬೆನ್ನ ಹಿಂದೆ ಅಂಟಿಕೊಂಡೆ. ನಮ್ಮನ್ನು ನೋಡಿ ಎಲ್ಲಿಯವರೋ ಇಬ್ಬರು ಬಿಳಿಯರು ನನ್ನ ಹಿಂದೆ ಅಂಟಿಕೊಂಡರು. ಆಚೆ ದಡ ಮುಟ್ಟಿದ ಮೇಲೆ ಅವರು ಓಬಳೇಸಣ್ಣನ ಕೈ ಕುಲುಕಿ ಹೋದರು. ಆ ದಿನವೆಲ್ಲ ಅವನ ನಡಿಗೆಯೇ ಬೇರೆ.

ಕಾನ್ ಥೋ

ಮೆಕಾಂಗ್ ನದಿ ಹತ್ತಾರು ಕವಲಾಗಿ ಹರಡಿಕೊಳ್ಳುವ ಕಡೆ ಕಾನ್ ಥೋ ಎಂಬ ಊರಿದೆ. ನಮ್ಮ ಸಭೆ ಅಲ್ಲಿ. ನದಿಯನ್ನು ಮೊದಲು ಕಂಡಾಗ ಓಬಳೇಸಣ್ಣ ಬಸ್ಸಿನ ಕಿಟಕಿಗೆ ಮೂಗು ಒತ್ತಿ ಕೂತ. ಎಷ್ಟೋ ಹೊತ್ತಿನ ಮೇಲೆ ಕೇಳಿದ:

"ಇಷ್ಟು ನೀರು ಯಾರ್ದಮ್ಮ?"

"ಯಾರದ್ದೂ ಅಲ್ಲಣ್ಣ, ನದಿ ಅದು."

"ಯಾರ್ದೂ ಅಲ್ದಲೇ ಇಷ್ಟೈತಾ!" ಎಂದ. ಬೋರು ಕೊರೆಸಿ ಧೂಳು ಮಾತ್ರ ಕಂಡ ಕಡೆಯವರು ನಾವು.

ನಮಗೆ ದುಭಾಷಿಯಾಗಿ ಬಂದವಳ ಹೆಸರು ಹ್ವಾ. ಅವರ ಭಾಷೆಯಲ್ಲಿ ಹಾಗೆಂದರೆ ಹೂವು. ನಮ್ಮೂರಲ್ಲಾಗಿದ್ದರೆ ಹೂವಮ್ಮ. ಓಬಳೇಸಣ್ಣ ಅಂದಿನಿಂದ ಹಾಗೇ ಕರೆದ, ಅವಳೂ ಓಗೊಟ್ಟಳು. ನಮಸ್ಕಾರಕ್ಕೂ ಮೊದಲು ಅವಳು ಕೇಳಿದ್ದು ನನ್ನ ವಯಸ್ಸು. ನನಗೆ ಮುಜುಗರವಾಯಿತು. ಆಮೇಲೆ ತಿಳಿಯಿತು, ಅವರಲ್ಲಿ ವಯಸ್ಸು ಗೊತ್ತಾಗದೆ ಮಾತೇ ಆರಂಭವಾಗುವುದಿಲ್ಲ. ಎದುರಿಗಿರುವವರು ಅಕ್ಕನೋ, ತಂಗಿಯೋ, ಚಿಕ್ಕಮ್ಮನೋ, ಅಜ್ಜಿಯೋ ಎಂದು ಗೊತ್ತುಮಾಡಿಕೊಂಡೇ ಬಾಯಿ ತೆರೆಯಬೇಕು. ನಮ್ಮ ಬಸ್ಸುಗಳಲ್ಲೂ ಹಾಗೇ ಅಲ್ಲವೇ? ಸೀಟು ಸರಿಸಿ ಅನ್ನುವ ಮೊದಲೇ ಅಕ್ಕನೋ ಅಜ್ಜಿಯೋ ಆಗಿಬಿಟ್ಟಿರುತ್ತೇವೆ. ಇಂಗ್ಲಿಷಿನಲ್ಲಿ ಮಾತಾಡಿ ಮಾತಾಡಿ ಬಿಗಿದುಕೊಂಡಿದ್ದ ನನಗೆ ಒಂದು ಚೂರು ಸಡಿಲವಾಯಿತು.

ಊಟದ ವಿಷಯ. ಓಬಳೇಸಣ್ಣ ಶನಿವಾರ ಮಾಂಸ ಮುಟ್ಟುವುದಿಲ್ಲ, ಆಂಜನೇಯನ ಒಕ್ಕಲು. ಇದನ್ನು ಆ ದೇಶದಲ್ಲಿ ಹೇಗಪ್ಪಾ ತಿಳಿಸುವುದು ಎಂದು ನಾನು ಒದ್ದಾಡುತ್ತಿದ್ದರೆ ಹ್ವಾ ಒಂದೇ ಮಾತಿಗೆ ತಲೆಯಾಡಿಸಿದಳು. ಅವಳ ಅಮ್ಮ ಹುಣ್ಣಿಮೆ ಅಮಾವಾಸ್ಯೆಗೆ ಮಾಂಸ ಬಿಡುತ್ತಾಳಂತೆ. ಒಂದು ಪುಟ್ಟ ಅಂಗಡಿಗೆ ಕರೆದೊಯ್ದು ಅನ್ನ, ತೋಫು, ಮೇಲೆ ತುಳಸಿಯಂತೆ ಘಮಗುಡುವ ಹಸಿ ಎಲೆ ಕೊಡಿಸಿದಳು. ಓಬಳೇಸಣ್ಣ ಆ ಎಲೆಯನ್ನು ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟ. ಅಂಗಡಿಯಾಕೆ ಮೇಲಿಂದ ಕುಟ್ಟಿದ ಕಡಲೆಕಾಯಿ ಬೀಜ ಉದುರಿಸಿದಾಗ ಮಾತ್ರ ಅವನ ಮುಖ ಅರಳಿತು.

"ನೋಡಮ್ಮ, ನಮ್ಮ ಕಡ್ಲೆಕಾಯಿ ಇಲ್ಲಿಗಂಟ ಬಂದ್ಬುಟ್ಟೈತೆ!"

ಸಭೆಯ ಮೊದಲ ದಿನ

ಸಭೆ ನಡೆಸುತ್ತಿದ್ದವರು ನೆದರ್‌ಲ್ಯಾಂಡ್ಸಿನ ಒಬ್ಬ ಪ್ರೊಫೆಸರಮ್ಮ. ಎತ್ತರದ ಹೆಂಗಸು, ಕುಂಟುತ್ತಾ ನಡೆಯುತ್ತಿದ್ದರು, ನಗು ಮಾತ್ರ ಸಲೀಸು. ಅವರ ನಿಯಮ ಒಂದೇ: ಹೊಸ ಪ್ರಶ್ನೆ ಎಲ್ಲ ದೇಶಗಳಲ್ಲೂ ಅರ್ಥವಾಗಬೇಕು, ಎಲ್ಲ ದೇಶಗಳಲ್ಲೂ ಉತ್ತರ ಸಿಗಬೇಕು. ಇಲ್ಲದಿದ್ದರೆ ಒಂದು ದೇಶವನ್ನು ಇನ್ನೊಂದರ ಪಕ್ಕ, ಹೋದ ಸಲವನ್ನು ಈ ಸಲದ ಪಕ್ಕ ಇಡುವುದು ಹೇಗೆ?

ನನ್ನ ಸರದಿ ಬಂತು. ನೀರಿಗೆ ಯಾರು ಕಾಯುತ್ತಾರೆ ಎಂದು ಓದಿದೆ. ಕೋಣೆಯಲ್ಲಿ ಒಬ್ಬಿಬ್ಬರು ಮುಖ ಮುಖ ನೋಡಿಕೊಂಡರು. ನೇಪಾಳದವನೊಬ್ಬ ಮಾತ್ರ ಜೋರಾಗಿ ತಲೆಯಾಡಿಸಿದ.

"ನಮ್ಮಲ್ಲಿ ನೀರಿಗೆ ಯಾರೂ ಕಾಯುವುದಿಲ್ಲವಲ್ಲ," ಎಂದರು ಪ್ರೊಫೆಸರಮ್ಮ. ಅದರಲ್ಲಿ ಕುಹಕವಿರಲಿಲ್ಲ. "ನಾಳೆ ಇಲ್ಲಿಯ ಹಳ್ಳಿಯಲ್ಲಿ ಕೇಳಿ ನೋಡಿ. ಅಲ್ಲಿ ನಡೆದರೆ ಇಟ್ಟುಕೊಳ್ಳೋಣ. ನಡೆಯದಿದ್ದರೆ ಬಿಡೋಣ."

ಹೊರಗೆ ಬಂದ ಮೇಲೆ ಓಬಳೇಸಣ್ಣ ಗೊಣಗಿದ: "ನದೀನೇ ಮನೆ ಮುಂದೆ ಮಡ್ಗಿಕೊಂಡಿರೋರ್ನ ನೀರಿಗೆ ಯಾರು ಕಾಯ್ತೀರಿ ಅಂತ ಕೇಳೋಕ್ಕೋಗ್ತೀಯಲ್ಲಮ್ಮ. ನಗ್ತಾರೆ ಅವ್ರು."

"ನಗಲಿ ಬುಡಣ್ಣ."

ಹಾಗೆಂದೆನೇ ಹೊರತು ಊಟ ಸೇರಲಿಲ್ಲ. ಅತ್ತಿಗೆಗೆ ಹೋಗಿ ಏನು ಹೇಳಲಿ?

ದೋಣಿಕಟ್ಟೆಯ ಮನೆ

ಹಳ್ಳಿಯಲ್ಲಿ ನಮ್ಮ ಪಾಲಿಗೆ ಬಂದದ್ದು ದೋಣಿಕಟ್ಟೆಯ ಪಕ್ಕದ ಮನೆ. ಯಜಮಾನಿಯ ಹೆಸರು ಬಾ ನಾಮ್. ಬಾ ಅಂದರೆ ಅಜ್ಜಿ, ನಾಮ್ ಅಂದರೆ ಐದು. ಆ ಕಡೆ ಮಕ್ಕಳನ್ನು ಹುಟ್ಟಿದ ಸರದಿಯ ಮೇಲೆ ಕರೆಯುತ್ತಾರೆ, ಅದೂ ಎರಡರಿಂದ ಎಣಿಕೆ. ಹಾಗಾಗಿ ಐದನೆಯವಳೆಂದರೆ ನಾಲ್ಕನೇ ಮಗು. ಏಕೆ ಒಂದರಿಂದ ಎಣಿಸುವುದಿಲ್ಲ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು.

ಇಲ್ಲಿ ನಮ್ಮ ಕಸುಬಿನ ಒಂದು ವಿದ್ಯೆಯನ್ನು ಹೇಳಬೇಕು. ಕಂಬದೂರಿನ ಕಡೆ ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರೆ ಯಾರೂ ನೇರ ಉತ್ತರ ಕೊಡುವುದಿಲ್ಲ. ರೇಷನ್ ಕಾರ್ಡು ತೆಗೆಯುತ್ತಾರೇನೋ, ಪಿಂಚಣಿ ನಿಲ್ಲಿಸುತ್ತಾರೇನೋ ಎಂದು ಭಯ. ಆದ್ದರಿಂದ ಬಾಗಿಲಿಗೆ ಹೋದ ಕೂಡಲೇ ನಾವು ಹೊರಗೆ ಬಿಟ್ಟಿರುವ ಚಪ್ಪಲಿ ನೋಡುತ್ತೇವೆ. ಗಂಡಸರದ್ದೆಷ್ಟು, ಹೆಂಗಸರದ್ದೆಷ್ಟು, ಮಕ್ಕಳದ್ದೆಷ್ಟು. ಒಳಗಿನವರು ಬಾಯಿ ಬಿಡುವ ಮೊದಲೇ ಲೆಕ್ಕ ಮನಸ್ಸಿನಲ್ಲಿರುತ್ತದೆ. ಓಬಳೇಸಣ್ಣನೇ ನನಗೆ ಕಲಿಸಿದ್ದು.

ಬಾ ನಾಮ್ ಮನೆಯ ಮುಂದೆ ಹನ್ನೊಂದು ಜೊತೆ. ಬಹುಪಾಲು ಹೆಂಗಸರ ರಬ್ಬರು ಚಪ್ಪಲಿ. ಓಬಳೇಸಣ್ಣ ನನಗೆ ಕಣ್ಣು ಮಿಟುಕಿಸಿದ: "ದೊಡ್ಡ ಸಂಸಾರ ಕಣಮ್ಮ. ಬರ್ಕೊ." ನಾನು ಬರೆದುಕೊಂಡೆ.

ನಾವೂ ಚಪ್ಪಲಿ ಬಿಟ್ಟು ಜಗಲಿಗೆ ಹತ್ತಿದೆವು. ಅಜ್ಜಿ ಐಸು ಹಾಕಿದ ತಣ್ಣನೆಯ ಚಹಾ ಕೊಟ್ಟಳು. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದೆ. ಅಜ್ಜಿ ಎರಡು ಬೆರಳು ತೋರಿಸಿದಳು: ತಾನು, ತನ್ನ ತಂಗಿ.

ನಾನು ನಮ್ಮೂರ ಅಭ್ಯಾಸದಂತೆ ಮೆತ್ತಗೆ ಇನ್ನೊಮ್ಮೆ ಕೇಳಿದೆ. ಮತ್ತೆ ಎರಡೇ ಬೆರಳು.

ಓಬಳೇಸಣ್ಣ ತಡೆಯಲಾರದೆ ಹ್ವಾ ಕಡೆ ಬಾಗಿದ: "ಹೂವಮ್ಮ, ಅಜ್ಜೀಗೆ ಹೇಳಮ್ಮ. ನೋ ರೇಷನ್ ಕಾರ್ಡ್ ಕಟ್. ನೋ ಫಿಯರ್."

ಹ್ವಾ ಅದನ್ನು ಏನೆಂದು ಹೇಳಿದಳೋ ದೇವರಿಗೇ ಗೊತ್ತು. ಅಜ್ಜಿ ಅವನನ್ನು, ನನ್ನನ್ನು, ಅವನ ಬೆರಳು ತೋರಿಸುತ್ತಿದ್ದ ಚಪ್ಪಲಿಗಳನ್ನು ನೋಡಿದಳು. ಆಮೇಲೆ ನಕ್ಕಳು ನೋಡಿ, ಚಹಾದ ಲೋಟ ಕೆಳಗಿಟ್ಟು ತೊಡೆ ತಟ್ಟಿಕೊಂಡು ನಕ್ಕಳು. ನನ್ನ ಕೈ ಹಿಡಿದು ಒಳಗಿನ ಬಾಗಿಲಿಗೆ ಕರೆದೊಯ್ದಳು.

ಒಳಗೆ ತಣ್ಣನೆಯ ಟೈಲ್ಸಿನ ನೆಲದ ಮೇಲೆ ಸಾಲಾಗಿ ಹೆಂಗಸರು ಮಲಗಿದ್ದರು. ಒಬ್ಬಳು ಜೋಲಿಯಲ್ಲಿ, ಇಬ್ಬರು ಗೋಡೆಗೊರಗಿ. ಪಕ್ಕದಲ್ಲಿ ಸೊಪ್ಪಿನ ಬುಟ್ಟಿ, ಹಣ್ಣಿನ ಬುಟ್ಟಿ, ಕಾಲು ಕಟ್ಟಿದ ಬಾತುಕೋಳಿ ಒಂದು.

"ಇವರ್ಯಾರು?" ಎಂದೆ.

"ಆಚೆ ದಡದ ಸಂತೆಗೆ ಹೋಗುವವರು," ಎಂದಳು ಹ್ವಾ. "ಬಿಸಿಲಿಗೆ ಇಲ್ಲಿ ಬಂದು ಮಲಗುತ್ತಾರೆ."

ನನ್ನ ಹನ್ನೊಂದಕ್ಕೆ ಅಡ್ಡಗೆರೆ ಎಳೆದು ಎರಡು ಅಂತ ಬರೆದೆ. ಓಬಳೇಸಣ್ಣ ಆಕಾಶ ನೋಡಿದ.

ಮುಂದೆ ನನ್ನ ಪ್ರಶ್ನೆ. ನೀರಿಗೆ ಮನೆಯಲ್ಲಿ ಯಾರು ಕಾಯುತ್ತಾರೆ? ಅಜ್ಜಿಗೆ ಅರ್ಥವಾಗಲಿಲ್ಲ. ಹ್ವಾ ತಿರುಗಿಸಿ ಮುರುಗಿಸಿ ಕೇಳಿದಳು. ಅಜ್ಜಿ ಎದ್ದು ಹೋಗಿ ಅಂಗಳದ ಕೊಳಾಯಿ ತಿರುಗಿಸಿದಳು. ನೀರು ಧುಮುಕಿತು. ನಿಲ್ಲಿಸಿದಳು. ಮತ್ತೆ ತಿರುಗಿಸಿದಳು, ಮತ್ತೆ ಧುಮುಕಿತು. ನನಗೆ ಕೊಳಾಯಿಯೇ ಗೊತ್ತಿಲ್ಲವೇನೋ ಎಂದು ಕನಿಕರದಿಂದ ನೋಡಿ ಏನೋ ಹೇಳಿದಳು.

"ನಾವ್ಯಾಕೆ ಕಾಯಬೇಕು, ನೀರೇ ನಮಗೆ ಕಾಯುತ್ತದೆ, ಅನ್ನುತ್ತಾರೆ," ಎಂದಳು ಹ್ವಾ.

ಮುಗಿಯಿತು. ಪೆನ್ನಿನ ಮುಚ್ಚಳ ಹಾಕಿದೆ. ಆ ನೀರಿನ ಶಬ್ದ ಕಿವಿಯಲ್ಲೇ ಇತ್ತು. ಇದೇ ಶಬ್ದಕ್ಕಾಗಿ ಅತ್ತಿಗೆ ದಿನವೆಲ್ಲ ಕಿವಿ ತೆರೆದುಕೊಂಡು ಕೂರುತ್ತಾಳೆ.

ಅಷ್ಟರಲ್ಲಿ ಹೊರಗೆ ದೋಣಿಯ ಹಾರ್ನು ಕೂಗಿತು. ಮಲಗಿದ್ದ ಹೆಂಗಸರೆಲ್ಲ ಒಂದೇ ಸಲ ಎದ್ದು, ಬುಟ್ಟಿ ಎತ್ತಿಕೊಂಡು, ಬಾತುಕೋಳಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ನನ್ನ ಆಚೀಚೆ ನುಗ್ಗಿ ಚಪ್ಪಲಿಗೆ ಕಾಲು ತೂರಿಸಿ ಓಡಿದರು. ಧೂಳು ಇಳಿದಾಗ ಬಾಗಿಲಲ್ಲಿ ಅಜ್ಜಿಯರ ಎರಡು ಜೊತೆ, ಓಬಳೇಸಣ್ಣನ ಬೂಟು, ಹ್ವಾಳ ಸ್ಯಾಂಡಲ್ಸು, ಇನ್ನೊಂದು ಹಸಿರು ರಬ್ಬರಿನ ಜೊತೆ. ಹಿಂದೂಪುರದಲ್ಲಿ ಈ ಪ್ರಯಾಣಕ್ಕೆಂದೇ ಕೊಂಡಿದ್ದ ನನ್ನ ಹೊಸ ಚಪ್ಪಲಿ ದೋಣಿ ಹತ್ತಿ ಹೊರಟುಹೋಗಿತ್ತು.

"ಈಗ ಎಣಿಸು," ಎಂದಳಂತೆ ಅಜ್ಜಿ, ನನ್ನ ಬೆನ್ನಿಗೆ ಗುದ್ದಿ. ಓಬಳೇಸಣ್ಣ ನಗು ತಡೆಯಲಾರದೆ ಮುಖ ತಿರುಗಿಸಿಕೊಂಡ.

ಆದರೆ ಸ್ವಲ್ಪ ಹೊತ್ತಿಗೆ ನಾಲ್ಕು ಜನ ಹೆಂಗಸರು ಬೈದುಕೊಳ್ಳುತ್ತಾ ವಾಪಸು ಬಂದರು. ದೋಣಿ ತುಂಬಿಹೋಗಿತ್ತಂತೆ. ಬುಟ್ಟಿ ಕೆಳಗಿಟ್ಟು, ಚಪ್ಪಲಿ ಬಿಟ್ಟು, ಮತ್ತೆ ನೆಲಕ್ಕೆ ಒರಗಿದರು. ಇನ್ನೊಂದು ದೋಣಿ ಯಾವಾಗ ಎಂದು ಕೇಳಿದೆ. ಎಲ್ಲರೂ ಹೆಗಲು ಕುಣಿಸಿದರು. ದೋಣಿಯವನಿಗೆ ಜನ ತುಂಬಬೇಕು, ನೀರಿನ ಏರಿಳಿತ ಸರಿಯಿರಬೇಕು, ಅವನ ಮನಸ್ಸೂ ಬರಬೇಕು.

"ಮೊದಲಿನಿಂದಲೂ ಹೀಗೆಯೇ?"

"ಇಲ್ಲ," ಎಂದು ಒಬ್ಬಾಕೆ ನದಿಯ ಮೇಲ್ಗಡೆ ಕೈ ತೋರಿದಳು. ದೂರದಲ್ಲಿ ಹೊಸ ಸೇತುವೆ, ಬೆಳ್ಳಗೆ ಹೊಳೆಯುತ್ತಿತ್ತು. ಮೊದಲು ದೋಣಿಗಳು ಒಂದರ ಹಿಂದೊಂದು ಇದ್ದವಂತೆ. ಸೇತುವೆಯಾದ ಮೇಲೆ ಬೈಕು ಇದ್ದವರೆಲ್ಲ ಆ ಕಡೆ ತಿರುಗಿದರು. ದೋಣಿಗಳು ಒಂದೊಂದಾಗಿ ನಿಂತವು, ಉಳಿದದ್ದು ಒಂದು. ಬೈಕು ಓಡಿಸಲು ಬಾರದ ವಯಸ್ಸಾದವರು, ಬುಟ್ಟಿ ಹೊತ್ತವರು ಈ ನೆಲದ ಮೇಲೆ ಉಳಿದರು.

ನಾನು ಓಬಳೇಸಣ್ಣನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಇವರ ಹಳ್ಳಿಯ ಫಾರಮ್ಮಿನಲ್ಲಿ ಏನಿರುತ್ತದೆ? ಹತ್ತಿರದಲ್ಲಿ ಸೇತುವೆ ಇದೆಯೇ? ಇದೆ. ಪೂರ್ತಿ ಅಂಕ.

"ನಮ್ಮ ರತ್ನಮ್ಮನಂಥೋರೇ ಕಣಮ್ಮ ಇವ್ರು," ಎಂದ ಓಬಳೇಸಣ್ಣ ಮೆಲ್ಲಗೆ. "ನೀನು ನೀರು ನೀರು ಅಂತ ಹಿಡ್ಕೊಂಡಿದ್ದೀಯ. ನೀರ್ನ ಬುಡು. ಕಾಯೋದನ್ನ ಹಿಡ್ಕೊ."

ಮುಚ್ಚಳ ತೆಗೆದೆ. ಕೊಳಾಯಿಯನ್ನೂ ನೀರನ್ನೂ ಹೊಡೆದು ಹಾಕಿ ಹ್ವಾಗೆ ಹೇಳಿದೆ: "ಇದನ್ನು ಕೇಳು. ನಿನ್ನೆ ನೀವು ಯಾವುದಕ್ಕೆ ಕಾದಿರಿ?"

ಮಲಗಿದ್ದವರು ಎದ್ದು ಕೂತರು. ನಾಲ್ವರೂ ಒಟ್ಟಿಗೆ ಮಾತಾಡಿದರು. ದೋಣಿಗೆ, ವ್ಯಾಪಾರಿಗೆ, ಆರೋಗ್ಯ ಕೇಂದ್ರದ ಚೀಟಿಗೆ. ಸ್ಕೂಟರಿನಲ್ಲಿ ಕರೆದುಕೊಂಡು ಹೋಗುತ್ತೇನೆಂದು ಹೇಳಿ ಮರೆತ ಮಗಳಿಗೆ. ಬಾ ನಾಮ್ ಕೂಡ ಬಿಡಲಿಲ್ಲ: ತಂಗಿ ಸ್ನಾನದ ಮನೆಯಿಂದ ಹೊರಗೆ ಬರುವುದಕ್ಕೆ! ಹ್ವಾ ಕೈ ಎತ್ತಿಬಿಟ್ಟಳು: "ನಿಧಾನ, ನಿಧಾನ, ನನಗೊಂದೇ ಬಾಯಿ ಇರುವುದು."

ತೀರ್ಮಾನದ ದಿನ

ಹಸಿರು ರಬ್ಬರ್ ಚಪ್ಪಲಿಯಲ್ಲೇ ಸಭೆಗೆ ಹೋದೆ. ಹೊಸ ಪ್ರಶ್ನೆ ಹೇಳಿದೆ. ಪ್ರೊಫೆಸರಮ್ಮ ಹುಬ್ಬು ಗಂಟಿಕ್ಕಿದರು.

"ಬಹಳ ಸಡಿಲವಾಯಿತು. ಒಬ್ಬರು ಬಸ್ಸು ಅನ್ನುತ್ತಾರೆ, ಇನ್ನೊಬ್ಬರು ಮಳೆ ಅನ್ನುತ್ತಾರೆ. ಇದರಿಂದ ಏನನ್ನು ಅಳೆಯುತ್ತೀರಿ?"

ನನ್ನ ಇಂಗ್ಲಿಷು ಸರ್ಕಾರಿ ಕಾಲೇಜಿನದು. ಒಂದೊಂದೇ ವಾಕ್ಯ ಜೋಡಿಸಿ ಹೇಳಿದೆ. ನಮ್ಮ ಮನೆಗೆ ಕೊಳಾಯಿ ಬಂತು, ಆ ಹಳ್ಳಿಗೆ ಸೇತುವೆ ಬಂತು, ಎರಡೂ ಒಳ್ಳೆಯದೇ. ಯಾವುದೂ ಬೇಡ ಅನ್ನುತ್ತಿಲ್ಲ. ಆದರೆ ಬಂದ ವಸ್ತುವನ್ನು ಮಾತ್ರ ನಾವು ಎಣಿಸುತ್ತೇವೆ, ಹೋದ ಹೊತ್ತನ್ನು ಎಣಿಸುವುದಿಲ್ಲ. ನನ್ನ ಅತ್ತಿಗೆ ಒಳ್ಳೆಯ ಕಾಲರು ಹೊಲಿಯುತ್ತಾಳೆ. ಈಗ ಹೊಲಿಯುವುದಿಲ್ಲ. ಏಕೆಂದು ನಿಮ್ಮ ಫಾರಮ್ಮಿಗೆ ಗೊತ್ತಿಲ್ಲ. ಮುಂದಿನ ಸುತ್ತಿನಲ್ಲಿ ಅವಳು ಇಷ್ಟು ಹೊತ್ತು ಕಾಯುವುದಿಲ್ಲ ಅಂತಾದರೆ, ಆಗ ನಮ್ಮ ಮನೆ ಮೇಲೇರಿತು ಅಂತ ನಾನು ಒಪ್ಪುತ್ತೇನೆ.

ಹೇಳಿ ಮುಗಿಸಿ ಕೂತೆ.

ಓಬಳೇಸಣ್ಣ ಎದ್ದು ನಿಂತ. ನನಗೆ ಜೀವವೇ ಹೋಯಿತು, ತೆಲುಗಿನಲ್ಲಿ ಭಾಷಣ ಮಾಡುತ್ತಾನೇನೋ ಎಂದು. ಅವನು ಪ್ರೊಫೆಸರಮ್ಮನ ಕಡೆ ಕೈ ಜೋಡಿಸಿ ಇಷ್ಟೇ ಕೇಳಿದ: "ಮೇಡಮ್, ಎಸ್ಟರ್‌ಡೇ ಯು ವೆಯಿಟ್ ಫಾರ್ ವಾಟ್?"

ಪ್ರೊಫೆಸರಮ್ಮ ಮಂಡಿ ನೀವಿಕೊಂಡರು. "ಊರಿನಿಂದ ಒಂದು ಫೋನಿಗೆ," ಎಂದರು. "ನನ್ನ ಮಂಡಿಯ ಆಪರೇಷನ್ನಿಗೆ ಆಸ್ಪತ್ರೆಯವರು ದಿನ ಕೊಡುವುದನ್ನು ಕಾಯುತ್ತಿದ್ದೇನೆ. ತಿಂಗಳುಗಳಾದವು." ಆಮೇಲೆ ತಾವೇ ನಕ್ಕುಬಿಟ್ಟರು. ಕೋಣೆಯ ಸುತ್ತ ಒಬ್ಬೊಬ್ಬರೇ ಹೇಳತೊಡಗಿದರು. ಚಹಾದ ಸಮಯ ಬಂದು ಹೋದರೂ ಯಾರೂ ಏಳಲಿಲ್ಲ.

ಪ್ರಶ್ನೆ ಒಳಗೆ ಬಂತು. ಷರತ್ತಿನ ಮೇಲೆ: ಒಂದು ಸುತ್ತು ಪರೀಕ್ಷೆಗೆ, ಫಾರಮ್ಮಿನ ಕೊನೆಯ ಪುಟದಲ್ಲಿ, ಯಾವುದಕ್ಕೆ ಮತ್ತು ಎಷ್ಟು ಹೊತ್ತು ಎಂದು ಎರಡು ಸಾಲು. ಮನೆಯ ಹೆಂಗಸರನ್ನೂ ಗಂಡಸರನ್ನೂ ಬೇರೆ ಬೇರೆಯಾಗಿ ಕೇಳಬೇಕು. ಈ ಕೊನೆಯದನ್ನು ಸೇರಿಸಿದವರು ಪ್ರೊಫೆಸರಮ್ಮನೇ. ಆಗ ನನಗೆ ಅದರ ಬೆಲೆ ಹೊಳೆಯಲಿಲ್ಲ.

ಮನೆ

ಕೊಡಿಕೊಂಡದಲ್ಲಿ ಬಸ್ಸಿಳಿದಾಗ ಅಣ್ಣ ಆಟೋ ತಂದು ನಿಂತಿದ್ದ. ಮೊದಲು ನೋಡಿದ್ದು ನನ್ನ ಕಾಲನ್ನು.

"ಏನೇ ಇದು, ಹೊಸ ಚಪ್ಪಲಿ ಎಲ್ಲಿ?"

"ವಿಯೆಟ್ನಾಮಿನಾಗೆ ಸಂತೆ ಮಾಡ್ತಾವೆ ಕಣಣ್ಣ."

ಮನೆಯಲ್ಲಿ ಅತ್ತಿಗೆ ಕೊಳಾಯಿಯ ಪಕ್ಕದ ಕಲ್ಲಿನ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಪ್ರಶ್ನೆ ಫಾರಮ್ಮಿಗೆ ಬಂತು ಎಂದೆ. ನಂಬಲಿಲ್ಲ. ಹೊಸ ಪುಟ ತೆಗೆದು ತೋರಿಸಿ, ಮೊದಲ ಉತ್ತರ ನಿನ್ನದೇ ಆಗಲಿ ಎಂದೆ. ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು, ಫೋಟೋಕ್ಕೆ ಕೂತಂತೆ.

"ನಿನ್ನೆ ನೀವು ಯಾವುದಕ್ಕೆ ಕಾದಿರಿ?"

"ನೀರಿಗೆ ಕಾದೆ. ಬರ್ಕೊ. ಕರೆಂಟಿಗೆ ಕಾದೆ. ನಿನ್ನ ಫೋನಿಗೂ ಕ..."

ಕೊಳಾಯಿ ಕೆಮ್ಮಿತು. ಅತ್ತಿಗೆ ಅವರೆಕಾಯಿ ಮೊರವನ್ನು ನನ್ನ ಮಡಿಲಿಗೆ ಹಾಕಿ ಬಿಂದಿಗೆಗೆ ಓಡಿದಳು. ಮಿಕ್ಕ ಉತ್ತರವನ್ನು ತೊಟ್ಟಿ ತುಂಬಿದ ಮೇಲೆ ಬರೆದುಕೊಂಡೆ.

ಅಣ್ಣ ಹೊಸ್ತಿಲಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ. ಗಂಡಸರನ್ನೂ ಬೇರೆಯಾಗಿ ಕೇಳಬೇಕೆಂಬ ನಿಯಮ ನೆನಪಾಯಿತು.

"ನಿನ್ನೆ ನೀನು ಯಾವುದಕ್ಕೆ ಕಾದೆ ಅಣ್ಣ?"

ಅಣ್ಣ ಪ್ರಾಮಾಣಿಕ ಮನುಷ್ಯ. ತಲೆ ಕೆರೆದುಕೊಂಡು ಚೆನ್ನಾಗಿ ಯೋಚಿಸಿದ.

"ಊಟಕ್ಕೆ," ಎಂದ.

ಅತ್ತಿಗೆ ತುಂಬಿದ ಬಿಂದಿಗೆ ಕಂಕುಳಲ್ಲಿಟ್ಟುಕೊಂಡು ಅವನನ್ನೇ ನೋಡಿದಳು. ಅವ್ವ ಒಳಗಿನಿಂದ, "ಬಾಯಿ ಬುಟ್ರೆ ಹಿಂಗೇ ಕಣ್ಲಾ ನೀನು!" ಎಂದಳು. ಅಷ್ಟೂ ಜನ ನಗತೊಡಗಿದೆವು. ಅಣ್ಣನೂ ನಕ್ಕ, ಆದರೆ ಸ್ವಲ್ಪ ತಡವಾಗಿ. ಆಮೇಲೆ ಆ ಪುಟವನ್ನು ನನ್ನ ಕೈಯಿಂದ ಇಸಕೊಂಡು ಎರಡು ಉತ್ತರಗಳನ್ನೂ ಅಕ್ಕಪಕ್ಕ ಓದಿದ.

ನಾನು ಕಲ್ಯಾಣದುರ್ಗಕ್ಕೆ ವಾಪಸಾಗಿ ಕೆಲಸ ಹಿಡಿದೆ. ಒಂದು ಮಧ್ಯಾಹ್ನ ಬ್ರಹ್ಮಸಮುದ್ರದ ಬಸ್ಸಿನಲ್ಲಿದ್ದಾಗ ಅಣ್ಣನ ಫೋನು.

"ಏಮ್ಮಾ ಸಾವಿತ್ರಿ, ನಿನ್ನ ಆ ಫಾರಮ್ಮು ಐತಲ್ಲ, ಅದ್ರಾಗೆ ನನ್ನ ಜವಾಬು ಬದ್ಲಾಯಿಸ್ಬೇಕು ಕಣೆ."

"ಯಾಕಣ್ಣ? ಎಲ್ಲಿದ್ದೀಯ? ಆಟೋ ತೆಗೀಲಿಲ್ವಾ?"

"ಬೆಳಿಗ್ಗೆಯಿಂದ ಈ ಕಲ್ಲಿನ ಮ್ಯಾಲೆ ಕೂತಿದ್ದೀನಿ. ದರಿದ್ರದ್ದು, ಇನ್ನೂ ಒಂದು ತೊಟ್ಟೂ ಬಂದಿಲ್ಲ."

"ಅತ್ಗೆ ಎಲ್ಲಿ?"

"ನಿಮ್ಮತ್ಗೇನಾ?" ಎಂದ ಅಣ್ಣ. "ವ್ಯಾನು ಬಂದಿತ್ತು. ಹೋದ್ಲು."